ಶೀತಕ ಅನಿಲದ ಸೋರಿಕೆ: ಪತ್ತೆ ಹಚ್ಚುವ ಕ್ರಮ

ಕೃಷ್ಣಾ ತೀರದ ಕೊಲ್ಹಾರವು ಗಡಿಗೆಯ ಗಟ್ಟಿ ಮೊಸರಿಗೆ ಹೆಸರಾದ ಊರು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿದರೂ ಆ ಹೆಸರು ಮಾಸಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಹಾಲು, ಮೊಸರು, ತಂಪು ಪಾನೀಯಗಳ ಅಂಗಡಿಗೆ ಫ್ರಿಜ್ ಅನಿವಾರ್ಯ. ವಿಜಯಪುರ ಜಿಲ್ಲೆಯ ಒಣದ್ರಾಕ್ಷಿಗೆ ಶೈತ್ಯಾಗಾರವೇ ಆಸರೆ. ತಂಪು ತಪ್ಪಿದರೆ ಮೊಸರು ಒಂದೇ ರಾತ್ರಿಯಲ್ಲಿ ಹುಳಿಯಾಗುತ್ತದೆ, ಒಣದ್ರಾಕ್ಷಿ ದಿನಕಳೆದಂತೆ ಬಣ್ಣಗೆಟ್ಟು ದರ ಕಳೆದುಕೊಳ್ಳುತ್ತದೆ. ಇಂತಹ ನಷ್ಟಕ್ಕೆ ಅನೇಕ ವೇಳೆ ಕಾರಣವಾಗುವುದು ಕಣ್ಣಿಗೆ ಕಾಣದ ಅನಿಲ ಸೋರಿಕೆ.

ಶೀತಕವು ಇಂಧನವಲ್ಲ

‘ಗ್ಯಾಸ್ ಮುಗಿದಿದೆ, ತುಂಬಿಸಬೇಕು’ ಎಂಬ ಮಾತು ವ್ಯಾಪಾರಸ್ಥರಿಗೆ ಚಿರಪರಿಚಿತ. ಆದರೆ ಶೀತಕ ಅನಿಲವು ಡೀಸೆಲ್‌ನಂತೆ ಉರಿದು ಮುಗಿಯುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ದ್ರವವಾಗಿ, ಆವಿಯಾಗಿ, ಪುನಃ ದ್ರವವಾಗಿ ಸುತ್ತುತ್ತಿರುತ್ತದೆ. ಯಂತ್ರ ಸುಸ್ಥಿತಿಯಲ್ಲಿದ್ದರೆ ವರ್ಷಗಳು ಕಳೆದರೂ ಅದರ ತೂಕ ಗಮನಾರ್ಹವಾಗಿ ಕಡಿಮೆಯಾಗದು. ಆದ್ದರಿಂದ ಅನಿಲ ಕಡಿಮೆಯಾಗಿದೆ ಎಂದರೆ ಎಲ್ಲಿಯೋ ಸೋರಿಕೆ ಇದೆ ಎಂದೇ ಅರ್ಥ. ಸೋರಿಕೆಯನ್ನು ಹುಡುಕದೆ ಪ್ರತಿ ಬೇಸಿಗೆಗೆ ಅನಿಲ ತುಂಬಿಸುವುದು ತೂತಾದ ಕೊಡಕ್ಕೆ ನೀರು ಹಾಕಿದಂತೆ.

ಮಾಲೀಕರೇ ಗುರುತಿಸಬಹುದಾದ ಲಕ್ಷಣಗಳು

ಕಂಪ್ರೆಸರ್ ಬಿಡುವಿಲ್ಲದೆ ಓಡುವುದು, ವಿದ್ಯುತ್ ಬಿಲ್ಲು ಏರುವುದು, ತಂಪು ನೀಡುವ ಕಾಯಿಲ್‌ನ ಒಂದು ಭಾಗದಲ್ಲಿ ಮಾತ್ರ ಹಿಮ ಕಟ್ಟುವುದು, ನೋಟದ ಗಾಜಿನಲ್ಲಿ ಗುಳ್ಳೆಗಳು ಹಾಯುವುದು ಇವು ಅನಿಲದ ಕೊರತೆಯ ಲಕ್ಷಣಗಳು. ಇವುಗಳಲ್ಲಿ ಕೆಲವು ಬೇರೆ ದೋಷಗಳಿಂದಲೂ ಬರಬಹುದಾದ ಕಾರಣ ಒತ್ತಡ ಮತ್ತು ಉಷ್ಣತೆಯನ್ನು ಅಳೆದೇ ನಿರ್ಣಯಿಸಬೇಕು. ಜೋಡಣೆಯ ಸುತ್ತ ಎಣ್ಣೆಯ ಜಿಡ್ಡು ಮತ್ತು ಅದಕ್ಕೆ ಅಂಟಿದ ಧೂಳು ಕಂಡರೆ ಅದು ಬಲವಾದ ಸುಳಿವು. ಕಂಪ್ರೆಸರಿನ ಎಣ್ಣೆಯ ಅಂಶವು ಅನಿಲದೊಂದಿಗೆ ಹೊರಬರುವುದೇ ಇದಕ್ಕೆ ಕಾರಣ. ಫ್ಲೇರ್ ನಟ್ಟುಗಳು, ಅನಿಲ ತುಂಬುವ ವಾಲ್ವ್, ಬೆಸುಗೆಯ ಸ್ಥಳಗಳು, ಕಂಪನದಿಂದ ಒಂದಕ್ಕೊಂದು ಉಜ್ಜುವ ತಾಮ್ರದ ಕೊಳವೆಗಳು ಮತ್ತು ದೊಡ್ಡ ಕಂಪ್ರೆಸರಿನ ಶಾಫ್ಟ್ ಸೀಲನ್ನು ಮೊದಲು ನೋಡಬೇಕು.

ಪರೀಕ್ಷೆಯ ವಿಧಾನಗಳು

ಸಾಬೂನು ನೊರೆ: ಅಗ್ಗದ ಹಾಗೂ ನಂಬಲರ್ಹ ವಿಧಾನ. ಒಳಗೆ ಒತ್ತಡವಿದ್ದಾಗ ಮಾತ್ರ ಗುಳ್ಳೆ ಏಳುತ್ತದೆ. ಆದ್ದರಿಂದ ಹೆಚ್ಚು ಒತ್ತಡದ ಭಾಗವನ್ನು ಯಂತ್ರ ಓಡುವಾಗ, ಕಡಿಮೆ ಒತ್ತಡದ ಭಾಗವನ್ನು ಯಂತ್ರ ನಿಲ್ಲಿಸಿ ಎರಡೂ ಕಡೆಯ ಒತ್ತಡ ಸಮನಾದ ಮೇಲೆ ಪರೀಕ್ಷಿಸಬೇಕು.

ಇಲೆಕ್ಟ್ರಾನಿಕ್ ಶೋಧಕ: ಆರ್-22, ಆರ್-134ಎ ಮೊದಲಾದ ಅನಿಲಗಳು ಗಾಳಿಗಿಂತ ಭಾರ. ಆದ್ದರಿಂದ ಫ್ಯಾನು ನಿಲ್ಲಿಸಿ, ಶೋಧಕದ ತುದಿಯನ್ನು ಕೊಳವೆಯ ಕೆಳಬದಿಯಲ್ಲಿ ನಿಧಾನವಾಗಿ ಸರಿಸಬೇಕು. ಹಳೆಯ ಜ್ವಾಲೆ ದೀಪವು ಕ್ಲೋರಿನ್ ಇರುವ ಆರ್-22ಕ್ಕೆ ಹಸಿರು ಬಣ್ಣ ತೋರಿಸುತ್ತದೆ. ಕ್ಲೋರಿನ್ ಇಲ್ಲದ ಆರ್-134ಎಗೆ ಅದು ನಿರುಪಯುಕ್ತ. ಇಂದಿನ ಅನೇಕ ಫ್ರಿಜ್‌ಗಳಲ್ಲಿರುವ ಆರ್-600ಎ ಉರಿಯುವ ಅನಿಲವಾದುದರಿಂದ ಅದರ ಬಳಿ ಜ್ವಾಲೆ ಒಯ್ಯಲೇಬಾರದು.

ನೈಟ್ರೋಜನ್ ಒತ್ತಡ: ಅನಿಲವನ್ನು ಸುರಕ್ಷಿತವಾಗಿ ಸಿಲಿಂಡರಿಗೆ ಹಿಂಪಡೆದ ಬಳಿಕ ಒಣ ನೈಟ್ರೋಜನ್ ತುಂಬಿ ಒತ್ತಡದ ಇಳಿಕೆಯನ್ನು ಗಮನಿಸುವುದು ಈ ಕ್ರಮ. ರೆಗ್ಯುಲೇಟರ್ ಬಳಸುವುದು ಮತ್ತು ಯಂತ್ರದ ಫಲಕದಲ್ಲಿ ನಮೂದಿಸಿದ ಮಿತಿಯನ್ನು ಮೀರದಿರುವುದು ಕಡ್ಡಾಯ. ನೈಟ್ರೋಜನ್ ಬದಲು ಆಮ್ಲಜನಕ ತುಂಬಿದರೆ ಎಣ್ಣೆಯೊಂದಿಗೆ ಸೇರಿ ಸ್ಫೋಟವಾದೀತು. ಮಧ್ಯಾಹ್ನ 35 ಡಿಗ್ರಿಯಲ್ಲಿ ಮಾಪಕವು 10 ಬಾರ್ ತೋರಿಸಿದ್ದರೆ, ಬೆಳಗಿನ 25 ಡಿಗ್ರಿಗೆ ಅದು ಸೋರಿಕೆ ಇಲ್ಲದೆಯೂ 9.6 ಬಾರ್‌ಗೆ ಇಳಿಯುತ್ತದೆ. ಆದ್ದರಿಂದ ಎರಡು ಅಳತೆಗಳನ್ನೂ ಒಂದೇ ಉಷ್ಣತೆಯಲ್ಲಿ ಹೋಲಿಸಬೇಕು.

ನಿರ್ವಾತ: ದುರಸ್ತಿಯ ನಂತರ ಪಂಪಿನಿಂದ ಗಾಳಿ ತೆಗೆದು ಮಾಪಕವನ್ನು ನೋಡಬೇಕು. ಒತ್ತಡ ಸ್ವಲ್ಪ ಏರಿ ನಿಂತರೆ ಒಳಗೆ ತೇವಾಂಶವಿದೆ, ಏರುತ್ತಲೇ ಹೋದರೆ ಸೋರಿಕೆ ಉಳಿದಿದೆ ಎಂದು ತಿಳಿಯಬೇಕು.

ಅಮೋನಿಯ ಇದ್ದಲ್ಲಿ

ದೊಡ್ಡ ಶೈತ್ಯಾಗಾರಗಳಲ್ಲಿ ಬಳಸುವ ಅಮೋನಿಯದ ಸೋರಿಕೆ ವಾಸನೆಯಿಂದಲೇ ತಿಳಿಯುತ್ತದೆ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 300 ಭಾಗ ಸೇರಿದರೆ ಅದು ಪ್ರಾಣಕ್ಕೆ ಸಂಚಕಾರ ತರುವ ಮಟ್ಟ. ಸಣ್ಣ ಸೋರಿಕೆಯ ಸ್ಥಳ ಗುರುತಿಸಲು ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ಸಾಕು. ಅಮೋನಿಯ ತಗುಲಿದೊಡನೆ ಅದು ನೀಲಿಯಾಗುತ್ತದೆ. ಹೆಚ್ಚಿನ ಸೋರಿಕೆಯಾದಾಗ ಹುಡುಕಾಟಕ್ಕೆ ನಿಲ್ಲದೆ, ಗಾಳಿ ಬೀಸಿ ಬರುವ ದಿಕ್ಕಿಗೆ ಜನರನ್ನು ಸಾಗಿಸಿ, ಅಗ್ನಿಶಾಮಕ ದಳಕ್ಕೆ ತಿಳಿಸಬೇಕು. ನೀರಿನ ತುಂತುರು ಆವಿಯನ್ನು ಹೀರುತ್ತದೆ. ಆದರೆ ನೆಲದಲ್ಲಿ ನಿಂತ ದ್ರವ ಅಮೋನಿಯದ ಮೇಲೆ ನೀರು ಸುರಿದರೆ ಆವಿ ಇನ್ನಷ್ಟು ಏಳುತ್ತದೆ.

ಲೆಕ್ಕ ಮತ್ತು ದಾಖಲೆ

ಒಂದು ಕಿಲೋ ಆರ್-22 ಗಾಳಿಗೆ ಸೇರಿದರೆ ಭೂಮಿಯ ತಾಪ ಏರಿಕೆಯಲ್ಲಿ ಅದು ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಓಜೋನ್ ಪದರಕ್ಕೂ ಅದು ಹಾನಿಕರ. 1987ರ ಮಾಂಟ್ರಿಯಲ್ ಒಪ್ಪಂದದನ್ವಯ ಭಾರತದಲ್ಲಿ ಇದರ ಬಳಕೆಯನ್ನು ಹಂತಹಂತವಾಗಿ ಇಳಿಸಲಾಗುತ್ತಿದ್ದು, 2030ರ ನಂತರ ಹಳೆಯ ಯಂತ್ರಗಳ ದುರಸ್ತಿಗೆ ಅಲ್ಪ ಪ್ರಮಾಣಕ್ಕಷ್ಟೇ ಅವಕಾಶವಿರುತ್ತದೆ. ಹಳೆಯ ಯಂತ್ರವುಳ್ಳವರಿಗೆ ಸೋರಿಕೆಯು ಇನ್ನು ಮುಂದೆ ಹೆಚ್ಚು ದುಬಾರಿಯಾಗುವ ಬಾಬತ್ತು.

ಆದುದರಿಂದ ಪ್ರತಿ ಯಂತ್ರಕ್ಕೂ ಒಂದು ವಹಿ ಇರಿಸುವುದು ಒಳಿತು. ಅನಿಲದ ಹೆಸರು, ತುಂಬಿದ ದಿನಾಂಕ, ತೂಕ, ಸೋರಿಕೆ ಸಿಕ್ಕ ಸ್ಥಳ ಇಷ್ಟನ್ನು ಬರೆದರೆ ಸಾಕು. 40 ಕಿಲೋ ಹಿಡಿಯುವ ಯಂತ್ರಕ್ಕೆ ವರ್ಷದಲ್ಲಿ 6 ಕಿಲೋ ತುಂಬಿಸಿದ್ದರೆ ಶೇ. 15ರಷ್ಟು ಅನಿಲ ಗಾಳಿಗೆ ಹೋಗಿದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಮೆಕ್ಯಾನಿಕ್ ಬಂದಾಗ ‘ಎಷ್ಟು ತುಂಬಿಸಬೇಕು’ ಎಂದು ಕೇಳುವ ಮೊದಲು ‘ಎಲ್ಲಿ ಸೋರುತ್ತಿದೆ’ ಎಂದು ಕೇಳುವ ವ್ಯಾಪಾರಸ್ಥನ ಸರಕೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.