ಲ್ಯಾಪ್‌ಟಾಪ್ ಪರದೆಯ ದೋಷ ಹುಡುಕುವ ದಾರಿ

ಲ್ಯಾಪ್‌ಟಾಪ್ ಪರದೆಯಲ್ಲಿ ಕಾಣುವ ಚಿತ್ರ ಹುಟ್ಟುವುದು ಪರದೆಯಲ್ಲಲ್ಲ, ಕೀಬೋರ್ಡಿನ ಕೆಳಗಿರುವ ಮದರ್‌ಬೋರ್ಡಿನಲ್ಲಿ. ಅಲ್ಲಿನ ಗ್ರಾಫಿಕ್ಸ್ ಚಿಪ್ ಸಿದ್ಧಪಡಿಸಿದ ಚಿತ್ರ ತೆಳ್ಳನೆಯ ಕೇಬಲ್ ಒಂದರಲ್ಲಿ ಹಿಂಜಿನ ಸಂದಿ ದಾಟಿ ಮುಚ್ಚಳದೊಳಗೆ ಹೋಗುತ್ತದೆ. ಪ್ಯಾನೆಲ್ಲಿನ ಅಂಚಿನಲ್ಲಿರುವ ಪುಟ್ಟ ಬೋರ್ಡು ಅದನ್ನು ಅಡ್ಡ ಸಾಲು, ಉದ್ದ ಸಾಲುಗಳಾಗಿ ಬಿಡಿಸಿ ಗಾಜಿಗೆ ಹಂಚುತ್ತದೆ. ಎಲ್‌ಸಿಡಿ ಗಾಜು ತಾನಾಗಿ ಬೆಳಗುವುದಿಲ್ಲ. ಅದರ ಹಿಂದೆ, ಸಾಮಾನ್ಯವಾಗಿ ಕೆಳ ಅಂಚಿನಲ್ಲಿ, ಎಲ್‌ಇಡಿಗಳ ಒಂದು ಪಟ್ಟಿ ಇರುತ್ತದೆ. ಬ್ಯಾಕ್‌ಲೈಟ್ ಎನ್ನುವುದು ಇದನ್ನೇ. ಚಿತ್ರವೂ ಬ್ಯಾಕ್‌ಲೈಟಿನ ವಿದ್ಯುತ್ತೂ ಒಂದೇ ಕೇಬಲ್ಲಿನಲ್ಲಿ ಬಂದರೂ ಎರಡರ ತಂತಿಗಳು ಬೇರೆ, ಕೆಡುವ ಬಗೆಯೂ ಬೇರೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಈ ಸಂಪರ್ಕ ಇಡಿಪಿ ಎಂಬ ಮಾದರಿಯದು. ವೆಸಾ ಸಂಸ್ಥೆ 2008ರ ಕೊನೆಯಲ್ಲಿ ಅದನ್ನು ರೂಪಿಸಿತು. ಅದಕ್ಕೂ ಹಳೆಯ ಯಂತ್ರಗಳಲ್ಲಿ ಎಲ್‌ಇಡಿ ಬದಲು ಪೆನ್ಸಿಲ್ಲಿಗಿಂತ ತೆಳುವಾದ ಟ್ಯೂಬ್‌ಲೈಟೂ ಅದಕ್ಕೆ ನೂರಾರು ವೋಲ್ಟ್ ಒದಗಿಸುವ ಇನ್ವರ್ಟರೂ ಇರುತ್ತಿದ್ದವು.

ದೋಷ ಈ ದಾರಿಯ ಯಾವ ಹಂತದಲ್ಲಿದ್ದರೂ ಮಾಲೀಕರು ಹೇಳುವುದು ಒಂದೇ ಮಾತು, ‘ಡಿಸ್‌ಪ್ಲೇ ಹೋಗಿದೆ’. ಕಣ್ಣಿಗೆ ಕಾಣುವುದು ಪ್ಯಾನೆಲ್ ಆದ್ದರಿಂದ ಆರೋಪ ಮೊದಲು ಅದರ ಮೇಲೆಯೇ ಬೀಳುತ್ತದೆ. ಪ್ಯಾನೆಲ್ಲೇ ಆ ದಾರಿಯ ದುಬಾರಿ ಭಾಗಗಳಲ್ಲೊಂದು ಕೂಡ. ಹೊಸ ಪ್ಯಾನೆಲ್ ಹಾಕಿಸಿದ ಮೇಲೂ ಪರದೆ ಹಾಗೆಯೇ ಮಿಣುಕುವ ಲ್ಯಾಪ್‌ಟಾಪ್‌ಗಳು ಈ ಲೇಖಕನ ಮೇಜಿಗೆ ಬಂದದ್ದುಂಟು; ಅವುಗಳಲ್ಲಿ ಕೆಟ್ಟಿದ್ದದ್ದು ಕೇಬಲ್. ಆದ್ದರಿಂದ ಏನು ಕೆಟ್ಟಿದೆ ಎಂದು ಕೇಳುವ ಮೊದಲು ದಾರಿಯಲ್ಲಿ ಎಲ್ಲಿಯವರೆಗೆ ಚಿತ್ರ ಸರಿಯಾಗಿ ತಲುಪುತ್ತಿದೆ ಎಂದು ಕಂಡುಕೊಳ್ಳಬೇಕು. ಇದಕ್ಕೆ ಬೇಕಾದ ಪರೀಕ್ಷೆಗಳಲ್ಲಿ ಬಹುಪಾಲು ಸ್ಕ್ರೂಡ್ರೈವರನ್ನೂ ಬೇಡುವುದಿಲ್ಲ.

ಪರದೆ ಪೂರ್ತಿ ಕಪ್ಪಾಗಿದ್ದರೆ ಮೊದಲು ನೋಡಬೇಕಾದದ್ದು ಯಂತ್ರ ಬದುಕಿದೆಯೇ ಎಂಬುದನ್ನು. ಫ್ಯಾನ್ ತಿರುಗುವುದು ಅದಕ್ಕೆ ಸಾಕ್ಷಿಯಲ್ಲ. ಕ್ಯಾಪ್ಸ್‌ಲಾಕ್ ಒತ್ತಿದಾಗ ಅದರ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಕೆಲಸ ನಡೆಯುತ್ತಿದೆ ಎಂದು ನಂಬಬಹುದು. ದೀಪ ಸ್ಪಂದಿಸದಿದ್ದರೆ ಚಾರ್ಜರ್ ಕಿತ್ತು, ಬ್ಯಾಟರಿ ಹೊರಗಿನಿಂದ ತೆಗೆಯುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿಹಿಡಿದು ಬಿಡಬೇಕು. ಬೋರ್ಡಿನಲ್ಲಿ ಉಳಿದ ವಿದ್ಯುತ್ ಹರಿದುಹೋಗಿ, ಸಿಕ್ಕಿಕೊಂಡಿದ್ದ ನಿಯಂತ್ರಕ ಚಿಪ್ ಹೊಸದಾಗಿ ಶುರುವಾಗುತ್ತದೆ. ಬಾಲಿಶವೆನಿಸುವ ಈ ಉಪಾಯ ಫಲ ಕೊಡುವಷ್ಟು ಸಲ ದುಬಾರಿ ಉಪಾಯಗಳೂ ಕೊಡುವುದಿಲ್ಲ.

ಅದಕ್ಕೂ ಬಗ್ಗದಿದ್ದರೆ ಮುಂದಿನ ಶಂಕೆ ರ್‍ಯಾಮ್ ಮೇಲೆ. ರ್‍ಯಾಮ್ ಸರಿಯಾಗಿ ಕೂರದಿದ್ದರೆ ಯಂತ್ರ ಚಿತ್ರ ತೋರಿಸುವ ಹಂತಕ್ಕೇ ಬರುವುದಿಲ್ಲ. ಬೀಪ್ ಸದ್ದು ಮಾಡುತ್ತದೆ ಅಥವಾ ದೀಪವನ್ನು ಒಂದು ಲೆಕ್ಕದಲ್ಲಿ ಮಿನುಗಿಸುತ್ತದೆ. ಆ ಲೆಕ್ಕದ ಅರ್ಥ ಕಂಪನಿಯ ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಕರಾವಳಿ, ಮಲೆನಾಡುಗಳ ಮಳೆಗಾಲದ ತೇವದಲ್ಲಿ ಬಹುಕಾಲ ಮುಚ್ಚಿಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಇದು ಅಪರೂಪವಲ್ಲ. ರ್‍ಯಾಮ್ ಕಡ್ಡಿಯನ್ನು ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಅಂಗಡಿಯವರು ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ. ಐಸೊಪ್ರೊಪೈಲ್ ಆಲ್ಕೊಹಾಲ್ ಇನ್ನೂ ವಾಸಿ. ಡಿಡಿಆರ್5 ಇರುವ ಹೊಸ ಯಂತ್ರಗಳು ರ್‍ಯಾಮ್ ಬದಲಿಸಿದ ಮೇಲೆ ಮೊದಲ ಸಲ ಶುರುವಾಗುವಾಗ ಕೆಲವು ನಿಮಿಷ ಕಪ್ಪು ಪರದೆಯನ್ನೇ ತೋರಿಸುವುದುಂಟು. ಆಗ ಸಹನೆಗೆಟ್ಟು ಮತ್ತೆ ಮತ್ತೆ ಆಫ್ ಮಾಡಬಾರದು.

ಕ್ಯಾಪ್ಸ್‌ಲಾಕ್ ದೀಪ ಸ್ಪಂದಿಸಿದರೆ ಟಾರ್ಚ್ ಹಿಡಿಯಬೇಕು. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ, ಹತ್ತಿರದಿಂದ ಬಿಟ್ಟಾಗ ಅಕ್ಷರಗಳೋ ಐಕಾನ್‌ಗಳೋ ಮಸುಕಾಗಿ ಕಂಡರೆ ಚಿತ್ರ ಗಾಜಿನವರೆಗೂ ಬಂದಿದೆ, ಬೆಳಕು ಮಾತ್ರ ಇಲ್ಲ ಎಂದರ್ಥ. ಬ್ರೈಟ್‌ನೆಸ್ ಕೀಲಿಗಳನ್ನು ಒಮ್ಮೆ ಒತ್ತಿ ನೋಡಿ, ಆಮೇಲೆ ಬ್ಯಾಕ್‌ಲೈಟಿನ ಹಾದಿಯನ್ನು ಹುಡುಕಬೇಕು: ಕೇಬಲ್ಲಿನ ತಂತಿ, ಮದರ್‌ಬೋರ್ಡಿನ ಕಾಳುಗಾತ್ರದ ಫ್ಯೂಸ್ ಅಥವಾ ಎಲ್‌ಇಡಿ ಪಟ್ಟಿ. ಫ್ಯೂಸ್ ಹೋಗಿದ್ದರೆ ಅದು ಚಿಪ್ ಮಟ್ಟದ ಕೆಲಸ ಮಾಡುವವರ ಕೈಗೆ ಹೋಗಬೇಕಾದದ್ದು, ಪ್ಯಾನೆಲ್ ಮಾರುವವರ ಕೈಗಲ್ಲ. ಒಎಲ್‌ಇಡಿ ಪರದೆಗಳಿಗೆ ಈ ಪರೀಕ್ಷೆ ನಡೆಯದು, ಅವುಗಳಲ್ಲಿ ಬ್ಯಾಕ್‌ಲೈಟೇ ಇಲ್ಲ.

ಟಾರ್ಚಿಗೂ ಏನೂ ಕಾಣದಿದ್ದಾಗ ಟಿವಿಯನ್ನೋ ಮಾನಿಟರನ್ನೋ ಎಚ್‌ಡಿಎಂಐ ಕೇಬಲ್‌ನಿಂದ ಜೋಡಿಸಬೇಕು. ವಿಂಡೋಸ್ ಕೀ ಜೊತೆ ‘ಪಿ’ ಒತ್ತಿದರೆ ಚಿತ್ರ ಎಲ್ಲಿಗೆ ಹೋಗಬೇಕೆಂದು ಆರಿಸುವ ಪಟ್ಟಿ ಬರುತ್ತದೆ. ಪ್ರೊಜೆಕ್ಟರ್‌ಗೆ ಜೋಡಿಸಿದ್ದಾಗ ‘ಎರಡನೇ ಪರದೆ ಮಾತ್ರ’ ಎಂದು ಆರಿಸಿ ಮರೆತದ್ದೇ ಕೆಲವೊಮ್ಮೆ ಇಡೀ ಕಾಯಿಲೆಯಾಗಿರುತ್ತದೆ. ಹೊರಗಿನ ಪರದೆಯಲ್ಲಿ ಚಿತ್ರ ಶುದ್ಧವಾಗಿ ಬಂದರೆ ಗ್ರಾಫಿಕ್ಸ್ ಚಿಪ್ ಬಹುಮಟ್ಟಿಗೆ ನಿರ್ದೋಷಿ, ದೋಷ ಕೇಬಲ್ಲಿನಲ್ಲೋ ಪ್ಯಾನೆಲ್ಲಿನಲ್ಲೋ ಇದೆ. ಅಲ್ಲಿಯೂ ಗೆರೆಗಳೋ ಚೂರುಚೂರು ಬಣ್ಣವೋ ಕಂಡರೆ ಪರದೆಯನ್ನು ಮುಟ್ಟುವ ಅಗತ್ಯವೇ ಇಲ್ಲ. ಬಹುಮಟ್ಟಿಗೆ ಎಂದದ್ದಕ್ಕೆ ಕಾರಣವಿದೆ. ಎರಡು ಗ್ರಾಫಿಕ್ಸ್ ಚಿಪ್ ಇರುವ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿ ಒಂದು ಚಿಪ್‌ಗೂ ಒಳಗಿನ ಪರದೆ ಇನ್ನೊಂದಕ್ಕೂ ಸೇರಿರಬಹುದು, ಆಗ ಈ ಸಾಕ್ಷ್ಯ ಅರ್ಧ ಮಾತ್ರ.

ಕಪ್ಪು ಪರದೆಗೆ ಇನ್ನೊಂದು ವಿಚಿತ್ರ ಕಾರಣವಿದೆ. ಮುಚ್ಚಳ ಮುಚ್ಚಿದ್ದನ್ನು ಲ್ಯಾಪ್‌ಟಾಪ್ ತಿಳಿಯುವುದು ಮುಚ್ಚಳದಲ್ಲಿರುವ ಪುಟ್ಟ ಅಯಸ್ಕಾಂತ ಮತ್ತು ಕೆಳಭಾಗದ ಹಾಲ್ ಸೆನ್ಸರ್‌ನಿಂದ. ತೆರೆದ ಲ್ಯಾಪ್‌ಟಾಪನ್ನು ಮುಚ್ಚಿದ ಇನ್ನೊಂದರ ಮೇಲಿಟ್ಟರೆ, ಅಯಸ್ಕಾಂತದ ಪಟ್ಟಿಯ ಕೈಗಡಿಯಾರ ಕಟ್ಟಿ ಟೈಪ್ ಮಾಡಿದರೆ, ಅಯಸ್ಕಾಂತದ ಕವರ್ ಇರುವ ಮೊಬೈಲನ್ನು ಕೀಬೋರ್ಡಿನ ಪಕ್ಕದಲ್ಲಿಟ್ಟರೆ ಯಂತ್ರ ಮುಚ್ಚಳ ಮುಚ್ಚಿತೆಂದು ಭ್ರಮಿಸಿ ಪರದೆ ಆರಿಸುತ್ತದೆ. ಮನೆಯಲ್ಲಿ ಕೆಟ್ಟು ಅಂಗಡಿಯಲ್ಲಿ ಸರಿಯಾಗಿರುವ ಲ್ಯಾಪ್‌ಟಾಪ್ ಎಂಬ ದೂರು ಬಂದಾಗ ಮನೆಯ ಮೇಜಿನ ಮೇಲೆ ಏನೇನಿದೆ ಎಂದು ವಿಚಾರಿಸುವುದು ಲೇಸು.

ಮಿಣುಕುವ ಪರದೆಯ ವಿಚಾರ ಬೇರೆ. ಇಲ್ಲಿ ಮೊದಲು ಸಾಫ್ಟ್‌ವೇರನ್ನು ಯಂತ್ರಾಂಗದಿಂದ ಬೇರ್ಪಡಿಸಬೇಕು. ವಿಂಡೋಸ್ ಶುರುವಾಗುವ ಮೊದಲು ಬಯಾಸ್ ಎಂಬ, ಮದರ್‌ಬೋರ್ಡಿನದೇ ಸೆಟ್ಟಿಂಗ್ ಪುಟಕ್ಕೆ ಹೋಗಿ ಹತ್ತು ನಿಮಿಷ ಹಾಗೇ ಬಿಡುವುದು ಇದಕ್ಕೆ ಅತ್ಯುತ್ತಮ ದಾರಿ. ಅಲ್ಲಿ ವಿಂಡೋಸ್ ಇಲ್ಲ, ಅದರ ಡ್ರೈವರ್ ಇಲ್ಲ, ಆಂಟಿವೈರಸ್ ಇಲ್ಲ. ಅಲ್ಲಿಯೂ ಮಿಣುಕಿದರೆ ವಿಂಡೋಸ್ ಹೊಸದಾಗಿ ಹಾಕಿಸುವುದು ವ್ಯರ್ಥ ಖರ್ಚು. ಡೆಲ್ ಲ್ಯಾಪ್‌ಟಾಪ್‌ಗಳಲ್ಲಿ ‘ಡಿ’ ಕೀಲಿ ಒತ್ತಿಹಿಡಿದು ಪವರ್ ಬಟನ್ ಒತ್ತಿದರೆ ಪರದೆ ಒಂದರ ಮೇಲೊಂದು ಬಣ್ಣಗಳನ್ನು ತೋರಿಸಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಶುರುಮಾಡಿ ನೋಡುವುದೂ ಒಳ್ಳೆಯ ಸಾಕ್ಷ್ಯ.

ಬಯಾಸ್‌ನಲ್ಲಿ ಸ್ಥಿರವಾಗಿದ್ದು ವಿಂಡೋಸ್‌ನಲ್ಲಿ ಮಾತ್ರ ಮಿಣುಕಿದರೆ ಟಾಸ್ಕ್ ಮ್ಯಾನೇಜರ್ ತೆರೆಯಬೇಕು. ಸುತ್ತಲಿನದೆಲ್ಲ ಮಿಣುಕುತ್ತಿರುವಾಗ ಅದು ಮಾತ್ರ ಸ್ಥಿರವಾಗಿದ್ದರೆ ಯಾವುದೋ ಆ್ಯಪ್‌ನ ತಂಟೆ. ಅದೂ ಮಿಣುಕಿದರೆ ಡಿಸ್‌ಪ್ಲೇ ಡ್ರೈವರ್‌ನದು. ವಿಂಡೋಸ್, ಕಂಟ್ರೋಲ್, ಶಿಫ್ಟ್, ‘ಬಿ’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಡ್ರೈವರ್ ಮರುಶುರುವಾಗುತ್ತದೆ, ತೆರೆದ ಕೆಲಸ ಕಳೆದುಹೋಗುವುದಿಲ್ಲ. ಅಪ್‌ಡೇಟ್ ಆದ ಮರುದಿನ ತೊಂದರೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಿಂದಿನ ಡ್ರೈವರ್‌ಗೆ ಮರಳಬೇಕು. ಚಾರ್ಜರ್ ತೆಗೆದಾಗಷ್ಟೇ ಬೆಳಕು ಏರಿಳಿಯುತ್ತಿದ್ದರೆ ಅದು ದೋಷವೇ ಅಲ್ಲದಿರಬಹುದು. ಬ್ಯಾಟರಿ ಉಳಿಸಲೆಂದು ಗ್ರಾಫಿಕ್ಸ್ ಡ್ರೈವರ್ ತೆರೆಯಲ್ಲಿರುವ ಚಿತ್ರ ಎಷ್ಟು ಕಪ್ಪು, ಎಷ್ಟು ಬಿಳಿ ಎಂದು ನೋಡಿ ಬ್ಯಾಕ್‌ಲೈಟ್ ತಗ್ಗಿಸುತ್ತದೆ. ಆ ಆಯ್ಕೆಯನ್ನು ಆಫ್ ಮಾಡಿದರೆ ಮುಗಿಯಿತು. ಪರದೆ ಸಂಜೆಯಾಗುತ್ತಲೇ ಹಳದಿಯಾಗುವುದು ನೈಟ್ ಲೈಟ್ ಆಯ್ಕೆಯಿಂದ. ಇಂಥದ್ದಕ್ಕೂ ಲ್ಯಾಪ್‌ಟಾಪ್ ಹೊತ್ತು ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗಳವರೆಗೆ ಹೋಗುವವರಿದ್ದಾರೆ.

ಯಂತ್ರಾಂಗದ್ದೇ ದೋಷ ಎಂದಾದ ಮೇಲೆ ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಬೇಕು. ಒಂದು ಕೋನದಲ್ಲಿ ಚಿತ್ರ ಬಂದು ಇನ್ನೊಂದರಲ್ಲಿ ಹೋದರೆ ಕೇಬಲ್ಲಿನ ಮೇಲೆಯೇ ಬೆರಳು ತೋರಿಸಬಹುದು. ದಿನಕ್ಕೆ ಹತ್ತಾರು ಸಲ ಮಡಚಿ ಬಿಡಿಸುವ ಜಾಗದಲ್ಲಿ ಕೂದಲೆಳೆಯಂಥ ತಂತಿಗಳು ಹಾದುಹೋಗುವುದರಿಂದ ಅಲ್ಲಿ ಸವಕಳಿ ಸಹಜ. ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. 2016ರ 13 ಇಂಚಿನ ಮ್ಯಾಕ್‌ಬುಕ್ ಪ್ರೊ ಯಂತ್ರಗಳಲ್ಲಿ ಮುಚ್ಚಳ ತೆರೆದಾಗ ಬಿಗಿಯಾಗುತ್ತಿದ್ದ ಚಪ್ಪಟೆ ಕೇಬಲ್ ಕ್ರಮೇಣ ಸವೆದು, ಪರದೆಯ ಕೆಳಗೆ ನಾಟಕದ ರಂಗದೀಪಗಳಂತೆ ಬೆಳಕಿನ ಗುಡ್ಡೆಗಳು ಕಾಣುತ್ತಿದ್ದವು. 2018ರ ಮಾದರಿಯಲ್ಲಿ ಆ ಕೇಬಲ್ ಸುಮಾರು 2 ಮಿಲಿಮೀಟರ್ ಉದ್ದವಾಗಿತ್ತು. 2019ರ ಮೇ ತಿಂಗಳಲ್ಲಿ ಆ್ಯಪಲ್ ಅಂಥ ಯಂತ್ರಗಳಿಗೆ ಉಚಿತ ದುರಸ್ತಿ ಘೋಷಿಸಿತು. ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಕೇಬಲ್ ಬಿಡಿಯಾಗಿ ಸಿಗುತ್ತದೆ, ಪ್ಯಾನೆಲ್‌ಗಿಂತ ಎಷ್ಟೋ ಅಗ್ಗ. ಹಿಂಜ್ ಬಿಗಿಯಾಗಿದೆಯೆಂದು ಒಂದೇ ಮೂಲೆ ಹಿಡಿದು ಮುಚ್ಚಳ ಎತ್ತುವ ಅಭ್ಯಾಸ ಬಿಟ್ಟರೆ ಕೇಬಲ್ಲೂ ಹಿಂಜಿನ ಸ್ಕ್ರೂಗಳೂ ಹೆಚ್ಚು ಕಾಲ ಬಾಳುತ್ತವೆ.

ಕೋನ ಬದಲಿಸಿದರೂ ಕದಲದ ಗೆರೆಗಳು ಪ್ಯಾನೆಲ್ಲಿನವು. ಮೇಲಿಂದ ಕೆಳಗೆ ನೇರ ಗೆರೆ ಬಿದ್ದರೆ ಉದ್ದ ಸಾಲುಗಳನ್ನು ನಡೆಸುವ ಚಿಪ್‌ನ ಅಂಟುವಿಕೆ ಸಡಿಲವಾಗಿರುತ್ತದೆ, ಅಡ್ಡ ಗೆರೆಗೆ ಅಡ್ಡ ಸಾಲುಗಳ ಚಿಪ್ ಕಾರಣ. ಅಂಚನ್ನು ಮೆಲ್ಲಗೆ ಒತ್ತಿದಾಗ ಗೆರೆ ಮಾಯವಾಗಿ ಕೈಬಿಟ್ಟಾಗ ಮರಳುವುದು ಇದರ ಗುರುತು. ಅಲ್ಲಿಗೆ ಮಡಚಿದ ಕಾಗದ ತುರುಕಿ ‘ರಿಪೇರಿ’ ಮಾಡಿಕೊಡುವುದುಂಟು. ಅದು ಕೆಲವು ದಿನಗಳ ಮಾತು, ಒತ್ತಡದಿಂದ ಗಾಜು ಸೀಳುವ ಅಪಾಯವೂ ಇದೆ. ಜೇಡನ ಬಲೆಯಂತೆ ಬಿರಿದು ಮಸಿ ಚೆಲ್ಲಿದಂತೆ ಕಪ್ಪಾದದ್ದಕ್ಕೆ ಪ್ಯಾನೆಲ್ ಬದಲಿಸುವುದೇ ಮದ್ದು. ಕೀಬೋರ್ಡಿನ ಮೇಲೆ ಉಳಿದ ಪೆನ್ನು, ಇಯರ್‌ಫೋನ್, ದಪ್ಪನೆಯ ವೆಬ್‌ಕ್ಯಾಮ್ ಮುಚ್ಚಳ ಇವೇ ಸಾಮಾನ್ಯ ಅಪರಾಧಿಗಳು.

ಒಂಟಿ ಚುಕ್ಕೆಗಳ ಬಗ್ಗೆ ಅಷ್ಟು ಕೊರಗಬೇಕಾಗಿಲ್ಲ. 1920×1080ರ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳು, ಪ್ರತಿಯೊಂದರಲ್ಲೂ ಮೂರು ಬಣ್ಣದ ಉಪಚುಕ್ಕೆಗಳು. ಇವುಗಳಲ್ಲಿ ಕೆಲವು ಸತ್ತಿದ್ದರೂ ಪ್ಯಾನೆಲ್ ಒಪ್ಪತಕ್ಕದ್ದೆಂದು ಐಎಸ್‌ಒ 9241-307 ಮಾನದಂಡದ ದರ್ಜೆಗಳು ಹೇಳುತ್ತವೆ. ಒಂದು ಚುಕ್ಕೆಗೆ ವಾರಂಟಿ ಕೇಳಿದವರು ಬರಿಗೈಲಿ ಮರಳುವುದು ಅದಕ್ಕೇ. ಚುಕ್ಕೆ ನಡೆದಾಡುತ್ತಿದ್ದರೆ ಅದು ಪಿಕ್ಸೆಲ್ ಅಲ್ಲ, ಬೆಳಕಿನ ಹಾಳೆಗಳ ನಡುವೆ ನುಸುಳಿದ ಇರುವೆ. ಅದನ್ನು ಬೆರಳಿನಿಂದ ಒತ್ತಿ ಕೊಂದರೆ ಕಲೆ ಕಾಯಂ ಆಗಿ ಉಳಿಯುತ್ತದೆ. ಲ್ಯಾಪ್‌ಟಾಪ್ ಆರಿಸಿ ಪಕ್ಕದಲ್ಲಿ ದೀಪ ಹಚ್ಚಿಟ್ಟರೆ ಹೊರಬರುವ ಸಾಧ್ಯತೆ ಹೆಚ್ಚು.

ಒರೆಸುವ ರೀತಿಯೂ ಪರದೆ ಕೆಡಿಸುತ್ತದೆ. ಪರದೆಗೆ ನೇರವಾಗಿ ಸಿಂಪಡಿಸಿದ ದ್ರವ ಇಳಿದು ಕೆಳ ಅಂಚಿನಲ್ಲಿ ನಿಲ್ಲುತ್ತದೆ, ಆ ಪುಟ್ಟ ಬೋರ್ಡೂ ಚಿಪ್‌ಗಳ ಅಂಟೂ ಸಾಮಾನ್ಯವಾಗಿ ಇರುವುದು ಅಲ್ಲಿಯೇ. ಸ್ಯಾನಿಟೈಸರ್, ಕಿಟಕಿ ಗಾಜಿನ ಕ್ಲೀನರ್‌ಗಳು ಪ್ರತಿಫಲನ ತಡೆಯುವ ಲೇಪವನ್ನೂ ತಿನ್ನುತ್ತವೆ. ಮೈಕ್ರೊಫೈಬರ್ ಬಟ್ಟೆಗೆ ಶುದ್ಧ ನೀರು ತಾಗಿಸಿ, ಹಿಂಡಿ, ಯಂತ್ರ ಆರಿಸಿ ಒರೆಸಿದರೆ ಸಾಕು.

ಪ್ಯಾನೆಲ್ ಬದಲಿಸುವುದೇ ಸರಿ ಎಂದು ತೀರ್ಮಾನವಾದರೆ ಲ್ಯಾಪ್‌ಟಾಪಿನ ಹೆಸರು ಹೇಳಿ ಪ್ಯಾನೆಲ್ ಕೊಳ್ಳಬಾರದು. ಒಂದೇ ಮಾದರಿಯ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ತಯಾರಕರ ಪ್ಯಾನೆಲ್‌ಗಳಿರುತ್ತವೆ. ಹಳೆಯದನ್ನು ಬಿಚ್ಚಿ ಬೆನ್ನಿಗಿರುವ ಸ್ಟಿಕ್ಕರ್‌ನ ನಂಬರ್ ನೋಡಬೇಕು. ಅಳತೆ, ಪಿಕ್ಸೆಲ್ ಸಂಖ್ಯೆ, ಕನೆಕ್ಟರ್ ಇರುವ ಜಾಗ, ಪಿನ್‌ಗಳ ಸಂಖ್ಯೆ ಎಲ್ಲ ಹೊಂದಬೇಕು. ಸಾಮಾನ್ಯ 60 ಹರ್ಟ್ಸ್ ಪ್ಯಾನೆಲ್‌ಗಳಲ್ಲಿ 30 ಪಿನ್, 144 ಹರ್ಟ್ಸ್‌ನವುಗಳಲ್ಲಿ ಮತ್ತು ಕೆಲವು ಟಚ್ ಪರದೆಗಳಲ್ಲಿ 40 ಪಿನ್ ಇರುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಕೂರದು. ಮಂಕು ಬಣ್ಣದ ಅಗ್ಗದ ಟಿಎನ್ ಪ್ಯಾನೆಲ್ ಇದ್ದ ಯಂತ್ರಕ್ಕೆ ಅದೇ ಕನೆಕ್ಟರಿನ ಐಪಿಎಸ್ ಪ್ಯಾನೆಲ್ ಸಾಮಾನ್ಯವಾಗಿ ಒಗ್ಗುತ್ತದೆ, ಸ್ವಲ್ಪ ಹೆಚ್ಚು ಕೊಟ್ಟು ಅದನ್ನೇ ಹಾಕಿಸುವುದು ಜಾಣತನ.

ಬಿಚ್ಚುವ ಕೆಲಸದಲ್ಲಿ ಒಂದು ನಿಯಮ ಮೀರಬಾರದು. ಪರದೆಯ ಕೇಬಲ್ ಮುಟ್ಟುವ ಮೊದಲು ಒಳಗಿನ ಬ್ಯಾಟರಿಯ ಕನೆಕ್ಟರ್ ಕಳಚಬೇಕು. ಯಂತ್ರ ಆಫ್ ಆಗಿದ್ದರೂ ಬ್ಯಾಕ್‌ಲೈಟಿನ ತಂತಿಯಲ್ಲಿ ವಿದ್ಯುತ್ ಇರಬಹುದು, ಕನೆಕ್ಟರ್ ಓರೆಯಾಗಿ ಬಂದರೆ ಪಕ್ಕದ ಪಿನ್ನಿಗೆ ತಾಗಿ ಬೋರ್ಡಿನ ಫ್ಯೂಸೋ ಚಿಪ್ಪೋ ಸುಡುತ್ತದೆ. ಅಂಚಿನ ಪಟ್ಟಿ ಅಂಟಿಸುವ ಮೊದಲೇ ಹೊಸ ಪ್ಯಾನೆಲನ್ನು ಬೆಳಗಿಸಿ, ಮುಚ್ಚಳವನ್ನು ಎಲ್ಲ ಕೋನಗಳಲ್ಲೂ ಆಡಿಸಿ ನೋಡಬೇಕು.

ಹಳೆಯ ಲ್ಯಾಪ್‌ಟಾಪ್‌ಗೆ ಪ್ಯಾನೆಲ್ಲಿನ ಬೆಲೆ ಯಂತ್ರದ ಬೆಲೆಯ ಹತ್ತಿರ ಬಂದರೆ ಬದಲಿಸದಿರುವುದೇ ಒಳ್ಳೆಯದು. ಮಾನಿಟರ್ ಜೋಡಿಸಿ, ಮುಚ್ಚಳ ಮುಚ್ಚಿದರೂ ಮಲಗದಂತೆ ಪವರ್ ಸೆಟ್ಟಿಂಗ್ ಬದಲಿಸಿದರೆ ಅದು ಮನೆಯ ಡೆಸ್ಕ್‌ಟಾಪ್ ಆಗಿ ವರ್ಷಗಟ್ಟಲೆ ದುಡಿಯುತ್ತದೆ. ಒಡೆದ ಪರದೆಯನ್ನು ಮುಚ್ಚಳದ ಸಮೇತ ಕಿತ್ತು ಹಾಕುವವರು ಒಂದು ಸಂಗತಿ ಗಮನಿಸಬೇಕು: ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಆಂಟೆನಾಗಳು ಇರುವುದು ಮುಚ್ಚಳದಲ್ಲಿ, ಪರದೆಯ ಅಂಚಿನಲ್ಲಿ. ಮುಚ್ಚಳ ಹೋದರೆ ಅವೂ ಹೋಗುತ್ತವೆ. ಅವನ್ನು ಬಿಡಿಸಿ ಕೆಳಭಾಗಕ್ಕೆ ಅಂಟಿಸಿಕೊಳ್ಳಬೇಕು, ಇಲ್ಲವೇ ಯುಎಸ್‌ಬಿ ವೈಫೈ ಅಡಾಪ್ಟರ್ ಒಂದನ್ನು ಕೊಳ್ಳಬೇಕು.