ಹಲ್ಲಿನ ಬೇರುನಾಳವನ್ನು ಮುಚ್ಚುವ ವಸ್ತುಗಳು

ಹಲ್ಲು ಹೊರಗೆ ಕಲ್ಲಿನಂತೆ ಕಂಡರೂ ಅದರ ಒಡಲಲ್ಲಿ ನರ, ರಕ್ತನಾಳಗಳಿಂದ ಕೂಡಿದ ಮೃದುವಾದ ಮಜ್ಜೆಯುಂಟು. ಹುಳುಕು ಇದನ್ನು ಮುಟ್ಟಿದರೆ ಮಜ್ಜೆ ಕೊಳೆತು ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ. ಹಿಂದೆ ಇಂಥ ಹಲ್ಲಿಗೆ ಇಕ್ಕಳವೇ ಗತಿಯಾಗಿತ್ತು. ಈಗ ಮಜ್ಜೆಯನ್ನು ತೆಗೆದು, ನಾಳವನ್ನು ಸೂಕ್ಷ್ಮವಾದ ಅರಗಳಿಂದ ಉಜ್ಜಿ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆದು, ಭದ್ರವಾಗಿ ಮುಚ್ಚಿ ಹಲ್ಲನ್ನು ಉಳಿಸಬಹುದಾಗಿದೆ. ಮುಚ್ಚುವುದು ಏತರಿಂದ ಎಂಬುದು ಒಂದೂವರೆ ಶತಮಾನದಿಂದ ದಂತವೈದ್ಯರನ್ನು ಕಾಡಿರುವ ಪ್ರಶ್ನೆ.

ಇವುಗಳಲ್ಲಿ ಹಿರಿಯದು ಗಟ್ಟಾ ಪರ್ಚಾ. ಮಲಯ ಪ್ರದೇಶದ ಒಂದು ಜಾತಿಯ ಮರದ ಹಾಲಿನಿಂದ ಇದು ದೊರೆಯುತ್ತದೆ. ರಬ್ಬರಿನ ಅಣುಘಟಕವೇ ಇದರದೂ. ಜೋಡಣೆ ಮಾತ್ರ ಬೇರೆ. ಆದುದರಿಂದ ಇದು ರಬ್ಬರಿನಂತೆ ಹಿಗ್ಗದು, ಕಾಯಿಸಿದರೆ ಮೆದುವಾಗಿ ಆರಿದರೆ ಗಡುಸಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾಗಿದ್ದ ವಸ್ತುವೂ ಇದೇ! 1867ರಲ್ಲಿ ಅಮೆರಿಕದ ಬೌಮನ್ ಎಂಬ ದಂತವೈದ್ಯ ಇದನ್ನು ಬೇರುನಾಳಕ್ಕೆ ತುಂಬಿದನು. ಇಂದಿನ ಕಡ್ಡಿಗಳಲ್ಲಿ ಗಟ್ಟಾ ಪರ್ಚಾ ಐದರಲ್ಲೊಂದು ಪಾಲಿನಷ್ಟೇ. ಹೆಚ್ಚಿನದು ಸತುವಿನ ಆಕ್ಸೈಡು.

ಆದರೆ ಇದು ಹಲ್ಲಿನ ಗೋಡೆಗೆ ಅಂಟದು. ನಡುವಣ ಸಂದನ್ನು ತುಂಬಲು ಬೇರೊಂದು ಲೇಪ ಬೇಕು. ಸತುವಿನ ಆಕ್ಸೈಡನ್ನು ಲವಂಗದ ಎಣ್ಣೆಯ ಸಾರವಾದ ಯೂಜಿನಾಲಿನಲ್ಲಿ ಕಲಸಿದ ಲೇಪ ಬಹುಕಾಲ ಬಳಕೆಯಲ್ಲಿದ್ದು, ಈಗಲೂ ಉಂಟು. ಹಲ್ಲುನೋವಿಗೆ ಲವಂಗವನ್ನು ಕಚ್ಚಿಸುತ್ತಿದ್ದ ಅಜ್ಜಿಯರಿಗೆ ಇದರಿಂದ ಆಶ್ಚರ್ಯವಾಗಲಾರದು. ಈ ಲೇಪ ಕಾಲಕ್ರಮದಲ್ಲಿ ತುಸು ಕರಗುತ್ತದೆಂಬುದೇ ಅದರ ಕೊರತೆ. ಎಪಾಕ್ಸಿ ರಾಳದ ಲೇಪಗಳು ಹೆಚ್ಚು ಬಾಳುತ್ತವೆ.

ಬೆಳ್ಳಿಯ ಕಡ್ಡಿಗಳೂ ಕೆಲಕಾಲ ಮೆರೆದವು. ದುಂಡಗಿನ ಕಡ್ಡಿ ದುಂಡಗಿಲ್ಲದ ನಾಳಕ್ಕೆ ಒಪ್ಪಲಿಲ್ಲ. ದೇಹದ್ರವ ತಗಲಿ ಬೆಳ್ಳಿ ಕಿಲುಬಿತು. ಫಾರ್ಮಾಲ್ಡಿಹೈಡ್ ಬೆರೆತ ಲೇಪಗಳು ಬೇರಿನ ತುದಿಯಾಚೆ ಜಾರಿ ದವಡೆಯ ನರಕ್ಕೆ ಕೇಡು ಮಾಡಿದ ಉದಾಹರಣೆಗಳುಂಟು. ಅವುಗಳನ್ನು ಕೈಬಿಟ್ಟುದು ಯುಕ್ತವೇ.

1993ರಲ್ಲಿ ಕ್ಯಾಲಿಫೋರ್ನಿಯದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಟೊರಾಬಿನೆಜಾದರು ಎಂ.ಟಿ.ಎ. ಎಂಬ ವಸ್ತುವನ್ನು ಮುಂದಿಟ್ಟರು. ಅದು ಕಟ್ಟಡದ ಪೋರ್ಟ್‌ಲ್ಯಾಂಡ್ ಸಿಮೆಂಟಿನ ದಾಯಾದಿ. ತೇವ ಇತರ ಲೇಪಗಳಿಗೆ ಶತ್ರು; ಇದು ತೇವದಲ್ಲೇ ಗಟ್ಟಿಯಾಗುತ್ತದೆ. ಬೇರಿನಲ್ಲಿ ತೂತು ಬಿದ್ದಾಗ ಇದರಷ್ಟು ಒದಗುವುದು ಅಪರೂಪ. ಆದರೆ ಚಿಕಿತ್ಸೆ ಕೆಟ್ಟು ನಾಳವನ್ನು ಮತ್ತೆ ತೆರೆಯಬೇಕಾದರೆ ಗಟ್ಟಿಯಾದ ಸಿಮೆಂಟನ್ನು ತೆಗೆಯುವುದು ದುಸ್ತರ. ಗಟ್ಟಾ ಪರ್ಚಾವನ್ನಾದರೋ ಕಾಯಿಸಿ ತೆಗೆಯಬಹುದು.

ಯಾವ ವಸ್ತುವೂ ತೊಳೆಯದ ನಾಳದ ಪಾಪವನ್ನು ಮುಚ್ಚದು. ಸೂಕ್ಷ್ಮಜೀವಿಗಳಿಲ್ಲದಂತೆ ಸಾಕಿದ ಇಲಿಗಳಲ್ಲಿ ಮಜ್ಜೆ ಬಯಲಾದರೂ ಅದು ಕೊಳೆಯದೆ ಮಾಯಿತೆಂದು 1965ರ ಪ್ರಯೋಗವೊಂದು ತೋರಿಸಿತು.

ಹಾಲುಹಲ್ಲಿಗೆ ಗಟ್ಟಾ ಪರ್ಚಾ ಸಲ್ಲದು. ಬೇರು ಕರಗಿ ಹೊಸ ಹಲ್ಲಿಗೆ ದಾರಿ ಬಿಡಬೇಕಾದುದರಿಂದ ಜೊತೆಗೇ ಕರಗುವ ಲೇಪವೇ ಬೇಕು. ಆದರೆ ಆರನೆಯ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಹುಟ್ಟುವ ದವಡೆಹಲ್ಲು ಶಾಶ್ವತವಾದುದು. ಅದನ್ನೂ ಹಾಲುಹಲ್ಲೆಂದೇ ಬಗೆದು ಕೀಳಿಸಿದರೆ ಆ ಸ್ಥಾನದಲ್ಲಿ ಮತ್ತೊಂದು ಹಲ್ಲು ಹುಟ್ಟುವುದಿಲ್ಲ.