ಗದ್ದೆಯ ಏಡಿಗಳನ್ನು ಹಿಡಿಯುವ ಕ್ರಮ

ಕೆರೆ, ನಾಲೆಗಳ ಕೆಳಗಣ ಬತ್ತದ ಗದ್ದೆಗಳಲ್ಲಿ ಏಡಿಯಿಂದಾಗುವ ನಷ್ಟವು ಎರಡು ವಿಧವಾದುದು. ನಾಟಿಯಾದ ಹೊಸದರಲ್ಲಿ ಅದು ಎಳೆಯ ಪೈರನ್ನು ಬುಡದಲ್ಲಿ ಕತ್ತರಿಸಿ ಬಿಲಕ್ಕೆ ಎಳೆದುಕೊಂಡು ಹೋಗುತ್ತದೆ. ಪೈರು ಬಲಿತ ಮೇಲೆ ಈ ಬಾಧೆ ತಾನಾಗಿಯೇ ಕಡಮೆಯಾಗುವುದು. ಬದುಗಳನ್ನು ಕೊರೆಯುವ ಬಾಧೆಯಾದರೋ ಗದ್ದೆಯಲ್ಲಿ ನೀರಿರುವವರೆಗೂ ತಪ್ಪದು. ಮೇಲಣ ಗದ್ದೆಯ ನೀರು ರಾತ್ರಿಯೆಲ್ಲ ಬಿಲದ ಮೂಲಕ ಸೋರಿ, ಅಲ್ಲಿ ಒಣಗಿಲು, ಕೆಳಗೆ ಮುಳುಗಡೆ ಆಗುವುದುಂಟು. ನೀರು ಕದ್ದರೆಂದು ನೆರೆಯವರೊಡನೆ ವ್ಯಾಜ್ಯ ತೆಗೆಯುವ ಮೊದಲು ಬದುವಿನ ಬುಡವನ್ನು ಪರೀಕ್ಷಿಸುವುದು ಲೇಸು.

ಏಡಿಯ ಬಿಲದ ಬಾಯಲ್ಲಿ ಹಸಿಮಣ್ಣಿನ ಸಣ್ಣ ಉಂಡೆಗಳಿರುತ್ತವೆ; ಇಲಿಯ ಬಿಲದ ಮುಂದೆ ಇರುವುದು ಪುಡಿಮಣ್ಣು. ಬೇಸಗೆಯಲ್ಲಿ ಏಡಿಯು ಬಿಲದ ಬಾಯನ್ನು ಕೆಸರಿನಿಂದ ಮುಚ್ಚಿ, ತೇವವಿರುವ ಆಳದಲ್ಲಿ ಅಡಗಿದ್ದು, ಮಳೆ ಹಿಡಿದೊಡನೆ ಹೊರಬೀಳುತ್ತದೆ. ಹೆಣ್ಣಿನ ಹೊಟ್ಟೆಯ ಮೇಲಣ ಮಡಿಕೆ ಅಗಲವಾಗಿಯೂ ಗಂಡಿನದು ಕಿರಿದಾಗಿಯೂ ಇರುವುದು. ಹೆಣ್ಣು ಮೊಟ್ಟೆಗಳನ್ನೂ ಅವು ಒಡೆದ ಮೇಲೆ ಮರಿಗಳನ್ನೂ ಆ ಮಡಿಕೆಯಲ್ಲಿಯೇ ಹೊತ್ತು ತಿರುಗುತ್ತದೆ. ಸಮುದ್ರದ ಏಡಿಯ ಮರಿಗಳು ಮೊದಲು ಬೇರೆ ರೂಪದಲ್ಲಿ ನೀರಿನಲ್ಲಿ ತೇಲಾಡಿ ದೂರ ಹೋಗುವುವು. ಗದ್ದೆಯ ಏಡಿಯ ಮರಿ ಹುಟ್ಟುವಾಗಲೇ ಏಡಿಯ ಆಕಾರದಲ್ಲಿದ್ದು ತಾಯಿ ಬಿಟ್ಟ ಎಡೆಯಲ್ಲಿಯೇ ಬೆಳೆಯುತ್ತದೆ. ಆದಕಾರಣ ಮರಿಗಳನ್ನು ಬಿಡುವುದಕ್ಕೆ ಮುಂಚೆ ಒಂದು ಹೆಣ್ಣನ್ನು ಹಿಡಿದರೆ ನೂರಾರು ಏಡಿಗಳನ್ನು ಹಿಡಿದಂತಾಯಿತು.

ಹಿಡಿಯುವುದಕ್ಕೆ ದುಡ್ಡು ಖರ್ಚಿಲ್ಲ. ಒಳಮೈ ನುಣುಪಾಗಿರುವ ಹಳೆಯ ಮಡಕೆಗಳನ್ನು ಬದುವಿನ ಅಂಚಿನಲ್ಲಿ, ನೀರು ನುಗ್ಗದಷ್ಟು ಎತ್ತರದಲ್ಲಿ, ಬಾಯಿ ನೆಲದ ಮಟ್ಟಕ್ಕೆ ಸಮನಾಗಿರುವಂತೆ ಹೂಳಬೇಕು. ಬಾಯಿ ನೆಲಕ್ಕಿಂತ ಎರಡು ಅಂಗುಲ ಮೇಲಿದ್ದರೂ ಏಡಿ ಸುತ್ತಿ ಹೋಗುವುದೇ ಹೊರತು ಬೀಳದು. ತೌಡನ್ನು ಘಮಘಮಿಸುವಂತೆ ಹುರಿದು, ತುಸು ನೀರಿನಲ್ಲಿ ಕಲಸಿ ಉಂಡೆ ಕಟ್ಟಿ ಮಡಕೆಯೊಳಗೆ ಹಾಕತಕ್ಕದ್ದು. ಮೀನಿನ ತಲೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಏಡಿ ಸಂಚರಿಸುವುದು ರಾತ್ರಿಯಲ್ಲಾದ್ದರಿಂದ ಸಂಜೆ ಮೇವಿಟ್ಟು ಮುಂಜಾನೆಯೇ ತೆಗೆಯಬೇಕು. ಒಳಗೆ ಕೈ ಹಾಕದೆ ಮಡಕೆಯನ್ನು ಗೋಣಿಯೊಳಕ್ಕೆ ಬಗ್ಗಿಸುವುದು. ಬಿಡಿ ಏಡಿಯನ್ನು ಹಿಂದುಗಡೆಯಿಂದ ಚಿಪ್ಪಿನ ಎರಡು ಪಕ್ಕಗಳನ್ನು ಒತ್ತಿ ಎತ್ತಿದರೆ ಕೊಂಬು ಕೈಗೆ ತಾಗದು.

ಕಾಲುವೆಯ ಕಟ್ಟೆಯ ಮೇಲೆ ಕುಳಿತು ಹಿಡಿಯುವುದಕ್ಕೆ ಒಂದು ಕೋಲು, ಒಂದು ದಾರ, ಕೋಳಿಯ ಕರುಳಿನ ತುಂಡು ಸಾಕು, ಗಾಳ ಬೇಡ. ಏಡಿ ಕಚ್ಚಿದ್ದನ್ನು ಸುಲಭವಾಗಿ ಬಿಡದು. ಆದರೂ ನೀರಿನಿಂದ ಮೇಲೆದ್ದ ಕ್ಷಣವೇ ಬಿಟ್ಟುಬಿಡುವ ಸಂಭವ ಹೆಚ್ಚಾದ್ದರಿಂದ, ಮೆಲ್ಲಮೆಲ್ಲನೆ ಎಳೆದು, ಅದು ನೀರಿನಲ್ಲಿರುವಾಗಲೇ ಕೆಳಗಿನಿಂದ ಬುಟ್ಟಿಯನ್ನು ಒಡ್ಡಬೇಕು. ಹುಡುಗರು ಇದರಲ್ಲಿ ದೊಡ್ಡವರಿಗಿಂತ ನಿಪುಣರು.

ಒಬ್ಬನ ಗದ್ದೆಯಲ್ಲಿ ಮಾತ್ರ ಮಡಕೆ ಹೂಳಿ, ಪಕ್ಕದವನು ಸುಮ್ಮನಿದ್ದರೆ ಪ್ರಯೋಜನವು ಸ್ವಲ್ಪವೇ. ಒಂದೇ ತೂಬಿನ ನೀರುಣ್ಣುವವರೆಲ್ಲರೂ ನಾಟಿಗೆ ಮುಂಚೆ ಒಂದು ವಾರ, ನಾಟಿಯ ತರುವಾಯ ಎರಡು ವಾರ ಒಟ್ಟಾಗಿ ಹಿಡಿಯುವಂತೆ ಗ್ರಾಮದ ಮುಖ್ಯಸ್ಥರು ಏರ್ಪಡಿಸತಕ್ಕದ್ದು. ಬಿಲಗಳ ಬಾಯಿಗೆ ಮಾತ್ರ ಮಣ್ಣು ಮೆತ್ತಿದರೆ ಸಾಲದು. ಕೊನೆಯವರೆಗೆ ಅಗೆದು ಜೇಡಿಮಣ್ಣನ್ನು ತುಂಬಿ ದಮ್ಮಸು ಮಾಡಬೇಕು. ಕೆರೆಯ ಏರಿಯನ್ನು ಮಾತ್ರ ಏಡಿಗಾಗಿ ಯಾರೂ ಅಗೆಯಕೂಡದು. ನಾಲ್ಕು ಏಡಿಗಳ ಆಸೆಗೆ ತೋಡಿದ ಗುಂಡಿಯು ದೊಡ್ಡ ಮಳೆಯಲ್ಲಿ ಏರಿಯನ್ನೇ ಒಡೆಯಬಲ್ಲದು. ಅಂಥ ಬಿಲವನ್ನು ಕಂಡವರು ನೀರುಗಂಟಿಗೆ ತಿಳಿಸಬೇಕು.

ಬಿಲಕ್ಕೆ ವಿಷ ಸುರಿಯುವ ಪದ್ಧತಿಯು ಅಪಾಯಕರವಾದುದು. ಅದೇ ನೀರನ್ನು ದನಗಳು ಕುಡಿಯುತ್ತವೆ, ಮೀನುಗಳು ಸಾಯುತ್ತವೆ. ಏಡಿಯನ್ನು ತಿಂದು ಉಪಕಾರ ಮಾಡುವ ಕೊಕ್ಕರೆ, ನರಿಗಳಿಗೂ ಕೇಡು. ವಿಷ ಹೊಡೆದ ಗದ್ದೆಯ ಏಡಿ ಊಟಕ್ಕೂ ಬಾರದು. ಉಳಿದ ಗದ್ದೆಗಳ ಏಡಿಯನ್ನು ಸಾರು ಮಾಡುವವರು ಚೆನ್ನಾಗಿ ಬೇಯಿಸಬೇಕು. ಹಸಿಯಾಗಿ ಅಥವಾ ಅರೆಬೆಂದುದನ್ನು ತಿಂದವರಿಗೆ ಶ್ವಾಸಕೋಶದಲ್ಲಿ ಹುಳು ಸೇರಿ, ಕ್ಷಯದಂತೆ ಕೆಮ್ಮಿನಲ್ಲಿ ರಕ್ತ ಬೀಳುವ ರೋಗವು ಮಣಿಪುರ ಮೊದಲಾದ ಕಡೆಗಳಲ್ಲಿ ಕಂಡುಬಂದಿದೆ. ತಿನ್ನದವರು ಏಡಿಗಳನ್ನು ಜಜ್ಜಿ ಗೊಬ್ಬರದ ಗುಂಡಿಗೆ ಹಾಕಿ, ನಾಯಿ ಕೆದಕದಂತೆ ಮೇಲೆ ಮಣ್ಣು ಮುಚ್ಚಬಹುದು.